ಮಕ್ಕಳು ಓದುತ್ತಿರುವ ಅಮೆರಿಕವನ್ನು ನೀವೂ ಓದಿ

ಮಾನ್ಯ ಪೋಷಕರೇ,

ನಮಸ್ಕಾರ. ನಮ್ಮ ಶನಿವಾರದ ಕನ್ನಡ ಶಾಲೆಯ ದೊಡ್ಡ ಮಕ್ಕಳಿಗೆ ಈ ಸಲ ಹೊಸದೊಂದು ಕೆಲಸ ಕೊಟ್ಟಿದ್ದೇವೆ. ತಮ್ಮ ಅಮೆರಿಕದ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಓದಿದ ಪುಸ್ತಕವೊಂದರ ಬಗ್ಗೆ ಅವರು ಇಲ್ಲಿ ಹತ್ತು ನಿಮಿಷ ಕನ್ನಡದಲ್ಲಿ ಮಾತನಾಡಬೇಕು. ಮಕ್ಕಳು ಒಪ್ಪಿಕೊಂಡರು. ತಕರಾರು ಬಂದದ್ದು ನಿಮ್ಮಲ್ಲಿ ಕೆಲವರಿಂದ: ಗುಲಾಮಗಿರಿ, ಅಂತರ್ಯುದ್ಧ ಇವೆಲ್ಲ ಕನ್ನಡ ಶಾಲೆಗೇಕೆ, ವಚನ, ದಾಸರ ಪದ ಸಾಲದೇ ಎಂದು.

ವಚನ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ನಾವು ಹೈಸ್ಕೂಲಿನಲ್ಲಿ ಓದಿದ್ದು ಪಾಣಿಪತ್ ಕದನ, ದಂಡಿ ಯಾತ್ರೆ. ಈ ದೇಶದ ಇತಿಹಾಸವೆಂದರೆ ನಮ್ಮಲ್ಲಿ ಹಲವರಿಗೆ ಪೌರತ್ವದ ಪರೀಕ್ಷೆಗೆಂದು ಉರುಹೊಡೆದ ಪ್ರಶ್ನೋತ್ತರ, ಅಷ್ಟೇ. ಮಗಳು ಊಟದ ಹೊತ್ತಿಗೆ ಏನಾದರೂ ಕೇಳಿದರೆ ಮಾತು ತಿರುಗಿಸಿ ಗಣಿತದ ಅಂಕ ವಿಚಾರಿಸುತ್ತೇವೆ. ಹಾಗಾಗಿ ನನ್ನದೊಂದು ಕೋರಿಕೆ: ಮಕ್ಕಳ ಜೊತೆ ನೀವೂ ಒಂದು ಪುಸ್ತಕ ಓದಿ.

ಯಾವುದರಿಂದ ಶುರುಮಾಡಲಿ ಎಂದರೆ ನಾನು ಹೇಳುವುದು ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆ. ತೆಳ್ಳಗಿನ ಪುಸ್ತಕ, ಒಂದು ವಾರಾಂತ್ಯಕ್ಕೆ ಮುಗಿಯುತ್ತದೆ. ಬಾಲ್ಟಿಮೋರಿನ ಮನೆಯೊಂದರಲ್ಲಿ ಗುಲಾಮನಾಗಿದ್ದ ಹುಡುಗನಿಗೆ ಯಜಮಾನಿ ಅಕ್ಷರ ಹೇಳಿಕೊಡಲು ತೊಡಗಿದಳು. ಓದು ಕಲಿತವನು ಗುಲಾಮನಾಗಿ ಉಳಿಯುವುದಿಲ್ಲ ಎಂದು ಗಂಡ ಅದನ್ನು ತಡೆದ. ಆಮೇಲೆ ಹುಡುಗ ಮನೆಯ ಬ್ರೆಡ್ಡನ್ನು ಬೀದಿಯ ಹಸಿದ ಬಿಳಿಯ ಹುಡುಗರಿಗೆ ಕೊಟ್ಟು ಪಾಠ ಹೇಳಿಸಿಕೊಂಡ. ಹಡಗುಕಟ್ಟೆಯಲ್ಲಿ ಬಡಗಿಗಳು ಯಾವ ಮರ ಹಡಗಿನ ಯಾವ ಭಾಗಕ್ಕೆ ಎಂದು ಗುರುತು ಹಾಕುತ್ತಿದ್ದ ಅಕ್ಷರಗಳನ್ನು ನೋಡಿ ಬರೆಯಲು ಕಲಿತ. ನಾಲ್ಕು ಅಕ್ಷರ ಬಂದದ್ದೇ, ಬರೆಯಬಲ್ಲ ಹುಡುಗರನ್ನು ‘ನನಗೂ ನಿನ್ನಷ್ಟೇ ಬರುತ್ತದೆ’ ಎಂದು ಕೆಣಕುವನು. ಅವರು ಹಟಕ್ಕೆ ಬಿದ್ದು ಬರೆದು ತೋರಿಸಿದ್ದೇ ಇವನಿಗೆ ಮುಂದಿನ ಪಾಠ. ಬೇಲಿ, ಗೋಡೆ, ಕಾಲುದಾರಿಗಳೇ ಸ್ಲೇಟು. ಇದನ್ನು ಓದಿದ ಮಗು ನಮ್ಮೂರಿನಲ್ಲಿ ಅಕ್ಷರದಿಂದ ದೂರವಿಟ್ಟದ್ದು ಯಾರನ್ನು ಎಂದು ನಿಮ್ಮನ್ನು ಕೇಳಬಹುದು. ಕೇಳಲಿ. ಇಲ್ಲಿನ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಅಂಬೇಡ್ಕರ್ 1946ರಲ್ಲಿ ಬರೆದ ಪತ್ರದಲ್ಲೂ ಈ ಎರಡು ಸಮಾಜಗಳ ಹೋಲಿಕೆಯ ಮಾತಿದೆ.

ಇನ್ನೊಂದು, ಜೀನ್ ವಾಕಾತ್ಸುಕಿ ಹ್ಯೂಸ್ಟನ್ ತಮ್ಮ ಪತಿಯೊಂದಿಗೆ ಬರೆದ ‘ಫೇರ್‌ವೆಲ್ ಟು ಮಾಂಝನಾರ್’ (1973). ಎರಡನೇ ಮಹಾಯುದ್ಧದಲ್ಲಿ ಜಪಾನ್ ಶತ್ರುವಾಗಿದ್ದಾಗ, 1942ರಲ್ಲಿ, ಇಲ್ಲಿನ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿತು. ಮಾಂಝನಾರ್ ಅಂಥದ್ದೊಂದು ಶಿಬಿರ. ಅವರಲ್ಲಿ ಹೆಚ್ಚಿನವರು ಇಲ್ಲೇ ಹುಟ್ಟಿದ ಪೌರರು. ಮನೆ ಖಾಲಿ ಮಾಡುವಾಗ ಹಳೇ ಸಾಮಾನಿನ ವ್ಯಾಪಾರಿ ಜೀನ್ ಅವರ ತಾಯಿಯ ಬೆಲೆಬಾಳುವ ಪಿಂಗಾಣಿ ಸೆಟ್ಟಿಗೆ 15 ಡಾಲರ್ ಕೊಡುತ್ತೇನೆ ಎನ್ನುತ್ತಾನೆ. ಆಕೆ ಬಾಯಿ ಬಿಡದೆ ತಟ್ಟೆಗಳನ್ನು ಒಂದೊಂದಾಗಿ ಅವನ ಕಾಲ ಬಳಿ ಒಡೆಯುತ್ತಾಳೆ. ಇಷ್ಟು ಓದಿದರೂ ಸಾಕು, ಪಾಸ್‌ಪೋರ್ಟ್ ಎಷ್ಟರ ಮಟ್ಟಿಗೆ ಕಾಯುತ್ತದೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಇದು ಅವರ ಕಥೆ, ನಮ್ಮದಲ್ಲ ಎನ್ನುವವರಿಗೆ ಒಂದು ಮಾತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಇಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪು ಕೊಟ್ಟಿತು. 1946ರ ಕಾಯ್ದೆ ಭಾರತೀಯರಿಗೆ ಪೌರತ್ವದ ಹಾದಿ ತೆರೆಯಿತಾದರೂ ವಲಸೆಗೆ ಕೊಟ್ಟದ್ದು ವರ್ಷಕ್ಕೆ 100 ಜನರ ಕೋಟಾ. ಹಳೆಯ ಕೋಟಾ ಪದ್ಧತಿ ಹೋದದ್ದು 1965ರ ಕಾಯ್ದೆಯಿಂದ, ಅದೂ ಕಪ್ಪು ಜನರ ಹಕ್ಕಿನ ಹೋರಾಟ ಬಿಸಿಯಾಗಿದ್ದ ಕಾಲದಲ್ಲಿ. (ಗ್ರೀನ್ ಕಾರ್ಡಿನ ಸರದಿಯಲ್ಲಿರುವವರು ಇಲ್ಲಿ ನಕ್ಕರೆ ಬೇಸರವಿಲ್ಲ, ದೇಶವಾರು ಮಿತಿ ಬೇರೆ ರೂಪದಲ್ಲಿ ಇದ್ದೇ ಇದೆ.) ನಮಗೆ ಬಾಗಿಲು ತೆರೆದದ್ದು ನಮ್ಮ ಎಂಜಿನಿಯರಿಂಗ್ ಪದವಿಯೊಂದೇ ಅಲ್ಲ ಎಂಬುದು ಮಕ್ಕಳಿಗೆ ಗೊತ್ತಿರಲಿ.

ಪುಸ್ತಕಕ್ಕೆ ಹಣ ಸುರಿಯಬೇಡಿ. ನಿಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕಾರ್ಡ್ ಮಾಡಿಸಿ. ಪುಸ್ತಕ ಅಲ್ಲಿಲ್ಲದಿದ್ದರೆ ಬೇರೆ ಗ್ರಂಥಾಲಯದಿಂದ ತರಿಸಿಕೊಡಲು ಕೇಳಿ. ಓದಲು ಪುರುಸೊತ್ತಿಲ್ಲದವರು ಕಾರಿನಲ್ಲಿ ಆಡಿಯೋ ಹಾಕಿಕೊಳ್ಳಿ. ಮುಂದಿನ ತಿಂಗಳ ಎರಡನೇ ಶನಿವಾರ ಮಕ್ಕಳ ಮಾತು ಆರಂಭ. ಬಿಟ್ಟು ಹೋಗುವ ಬದಲು ಅರ್ಧ ಗಂಟೆ ಕುಳಿತು ಕೇಳಿ. ಉಚ್ಚಾರಣೆ ತಪ್ಪಿದರೆ ನಡುವೆ ತಿದ್ದಬೇಡಿ, ಆ ಕೆಲಸ ನಮಗೆ ಬಿಡಿ. ಅಜ್ಜ ಅಜ್ಜಿಯರು ಊರಿನಿಂದ ಬಂದಿದ್ದರೆ ಅವರನ್ನೂ ಕರೆತನ್ನಿ.

ಇಂತು,
ಮುಖ್ಯ ಶಿಕ್ಷಕಿ