ವೆಲ್ಡಿಂಗ್ ಕಲಿಯುವ ಮಕ್ಕಳಿಗೂ ದಾರಿ ಹೇಳಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಹೆತ್ತವರು ಮಕ್ಕಳನ್ನು ನನ್ನ ವರ್ಕ್‌ಶಾಪಿಗೆ ಕರೆತಂದು, ‘ಇವನಿಗೆ ಓದು ಹತ್ತಲಿಲ್ಲ, ನಿಮ್ಮ ಹತ್ರ ಇಟ್ಕೊಳಿ’ ಅನ್ನುತ್ತಾರೆ. ಗೇಟು, ಅಡಿಕೆ ಅಂಗಳದ ಶೀಟು ಮಾಡಿಗೆ ಟ್ರಸ್ಸು (ಮಾಡನ್ನು ಹೊರುವ ಕಬ್ಬಿಣದ ಚೌಕಟ್ಟು) ಕಟ್ಟುವುದನ್ನು ನಾನು ಕಲಿಸಬಲ್ಲೆ. ಸರ್ಟಿಫಿಕೇಟು ಕೊಡಲಾರೆ. ಅದಿಲ್ಲದೆ ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಕಾರ್ಖಾನೆಗಳಲ್ಲಿ ಒಳ್ಳೆಯ ಕೆಲಸ ಕೇಳುವುದು ಕಷ್ಟ.

ಐಟಿಐನಲ್ಲಿ ವೆಲ್ಡರ್ ಕೋರ್ಸು ಒಂದೇ ವರ್ಷದ್ದು. ಆಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಪಡೆಯುತ್ತಲೇ ಕೈ ಪಳಗಿಸಿಕೊಳ್ಳಬಹುದು. ಮುಂದೆ ಓದುವ ಆಸೆಯಿದ್ದವರಿಗೆ ಮೂರು ವರ್ಷದ ಮೆಕ್ಯಾನಿಕಲ್ ಡಿಪ್ಲೊಮಾ ಇದೆ. ಅದು ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದರೆ ನೇರ ಬಿಇ ಎರಡನೇ ವರ್ಷ.

ಗಣಿತ ಬಾರದವರಿಗೆ ವೆಲ್ಡಿಂಗ್ ಎಂಬ ಮಾತನ್ನು ಶಿಕ್ಷಕರು ದಯವಿಟ್ಟು ಬಿಡಬೇಕು. ಟ್ರಸ್ಸಿನ ಇಳಿಜಾರು ಲೆಕ್ಕ ಹಾಕಲು ಪೈಥಾಗೊರಸ್ ಪ್ರಮೇಯವೇ ಬೇಕು, ನಮ್ಮ ಆಗುಂಬೆ ಸೀಮೆಯ ಮಳೆಗಂತೂ ಆ ಲೆಕ್ಕ ತಪ್ಪುವಂತಿಲ್ಲ. ಪೈಪ್ ವೆಲ್ಡರ್‌ಗಳ ಕೌಶಲ ಅಳೆಯುವ 6ಜಿ ಪರೀಕ್ಷೆಯಲ್ಲಿ 45 ಡಿಗ್ರಿ ಓರೆಯಾಗಿ ನಿಲ್ಲಿಸಿದ ಪೈಪನ್ನು ತಿರುಗಿಸದೆ, ತಾನೇ ಸುತ್ತ ಬಂದು ಬೆಸೆಯಬೇಕು. ಅದನ್ನು ಪಾಸಾದವರ ಬಗ್ಗೆ ನನಗೆ ಬಹಳ ಗೌರವ. ಹೆಣ್ಣುಮಕ್ಕಳೂ ಇದನ್ನು ಕಲಿಯಬಲ್ಲರು, ಸ್ಥಿರವಾದ ಕೈಯೇ ಇಲ್ಲಿ ಮುಖ್ಯ.

ಶಿಕ್ಷಣ ಇಲಾಖೆಯವರು ಒಂಬತ್ತನೇ ತರಗತಿಯಲ್ಲೇ ಮಕ್ಕಳನ್ನು ಹತ್ತಿರದ ಐಟಿಐ, ಪಾಲಿಟೆಕ್ನಿಕ್‌ಗಳಿಗೆ ಒಂದು ದಿನ ಕರೆದೊಯ್ಯಲಿ. ಪ್ರವೇಶದ ದಿನಾಂಕಗಳನ್ನು ಪ್ರತಿ ಪ್ರೌಢಶಾಲೆಯ ಫಲಕದಲ್ಲಿ ಹಾಕಿಸಲಿ.

– ಒಬ್ಬ ವೆಲ್ಡಿಂಗ್ ವರ್ಕ್‌ಶಾಪ್ ಮಾಲೀಕ, ತೀರ್ಥಹಳ್ಳಿ