ಮಗಳಿಗೊಂದು ಪತ್ರ: ಟಿಫಿನ್ ಕ್ಯಾರಿಯರ್ ಸದ್ದು

ಮೂಡಿಗೆರೆ

ಪುಟ್ಟಿ,

ಹಾಸ್ಟೆಲಿನಲ್ಲಿ ನಿನಗೆ ರಾತ್ರಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅಂತ ಅಮ್ಮ ಹೇಳಿದಳು. ನೀನು ನನಗೆ ಹೇಳಲಿಲ್ಲ. ಅಪ್ಪನಿಗೆ ಬೇಜಾರಾಗಬಾರದು ಅಂತ ಸುಮ್ನಿರೋದನ್ನು ಒಂಬತ್ತು ವರ್ಷಕ್ಕೇ ಕಲಿತವಳು ನೀನು. ಕಲಿಸಿದವನು ನಾನೇ.

ಅದು 2015ರ ಮಳೆಗಾಲ. ತೋಟದಿಂದ ಬಂದವನೇ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಮಸ್ಟರ್ ಪುಸ್ತಕದಲ್ಲಿ ಆಳುಗಳ ಹಾಜರಿ ಬರೆಯಲೂ ಕೈ ಏಳುತ್ತಿರಲಿಲ್ಲ. ಒಂದು ಸಂಜೆ ಟಿಫಿನ್ ಕ್ಯಾರಿಯರನ್ನು ಜಗಲಿ ಮೇಲೆ ಇಟ್ಟೆ. ಒಳಗಿನಿಂದ ನಿನ್ನ ದನಿ ಕೇಳಿಸಿತು. 'ಶ್... ಇವತ್ತು ಜೋರಾಗಿ ಇಟ್ರು, ಆಟ ಬೇಡ' ಅಂತ ತಮ್ಮನಿಗೆ ಹೇಳುತ್ತಿದ್ದೆ. ಡಬ್ಬಿ ಇಡುವ ಸದ್ದಿನಲ್ಲೇ ಆ ರಾತ್ರಿ ಹೇಗಿರುತ್ತೆ ಅಂತ ನೀನು ಲೆಕ್ಕ ಹಾಕುತ್ತಿದ್ದೆ. ತಮ್ಮನಿಗೆ ನೀನೇ ಊಟ ಹಾಕುತ್ತಿದ್ದೆ. ಬಂದವರೆಲ್ಲ 'ಎಷ್ಟು ಜಾಣೆ' ಅನ್ನುತ್ತಿದ್ದರು. ನಾನೂ ಹಿಗ್ಗುತ್ತಿದ್ದೆ. ನೀನು ಹೆದರಿದ್ದೆ ಅಂತ ಅರ್ಥವಾಗಲು ಎಷ್ಟು ದಿನ ಬೇಕಾಯಿತು!

ಸ್ಕೂಲಿಗೆ ಹೊರಡುವ ಹೊತ್ತಿಗೆ ನಿನಗೆ ದಿನಾ ಹೊಟ್ಟೆನೋವು. ಜಂತುಹುಳು ಅಂತ ಔಷಧಿ ಕುಡಿಸಿದೆವು, ದೃಷ್ಟಿ ತೆಗೆದೆವು, ತಾಯತ ಕಟ್ಟಿಸಿದೆವು.

ಕೊನೆಗೆ ಅಮ್ಮ ಹಠ ಹಿಡಿದು ನನ್ನನ್ನು ಒಂದು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮನೋಚೈತನ್ಯ ಅನ್ನುವ ಸರ್ಕಾರದ ಕಾರ್ಯಕ್ರಮದಲ್ಲಿ ಆ ದಿನ ಮನೋವೈದ್ಯರು ಬರುತ್ತಿದ್ದರು. ಇದು ಖಿನ್ನತೆ, ಮಾತ್ರೆ ಹತ್ತಲು ಕೆಲವು ವಾರ ಬೇಕು ಅಂದರು. ಮನೆಯಲ್ಲಿ ಮಕ್ಕಳು ಹೇಗಿದ್ದಾರೆ ಅಂತಲೂ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರನೇ ವಾರಕ್ಕೆ ನನಗೆ ನಿದ್ದೆ ಬಂತು. ದೀಪಾವಳಿ ಹೊತ್ತಿಗೆ ನಿನ್ನ ಹೊಟ್ಟೆನೋವೂ ಹೋಗಿತ್ತು. ನಿನಗೆ ಯಾರೂ ಮಾತ್ರೆ ಕೊಟ್ಟಿರಲಿಲ್ಲ! ಅಮೆರಿಕದಲ್ಲಿ ಖಿನ್ನತೆಯಿದ್ದ ತಾಯಂದಿರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಮೂರು ತಿಂಗಳಲ್ಲಿ ತಾಯಿ ಗುಣವಾದ ಮನೆಗಳಲ್ಲಿ ಮಕ್ಕಳ ತೊಂದರೆಯೂ ಇಳಿಯಿತು. ಗುಣವಾಗದ ಕಡೆ ಏರಿತು.

ಇನ್ನೊಂದನ್ನೂ ಮುಚ್ಚಿಡಲ್ಲ. ಅಪ್ಪನಿಗೋ ಅಮ್ಮನಿಗೋ ಖಿನ್ನತೆ ಇದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಬೇರೆಯವರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಸ್ವಲ್ಪ ರಕ್ತದಿಂದ, ಸ್ವಲ್ಪ ಬೆಳೆದ ಮನೆಯಿಂದ. ಬಂದೇ ಬರುತ್ತೆ ಅಂತೇನಿಲ್ಲ, ಎಷ್ಟೋ ಮಕ್ಕಳು ಚೆನ್ನಾಗೇ ಇರುತ್ತಾರೆ. ಆದರೆ ನಿದ್ದೆ ಕೆಟ್ಟು ವಾರಗಳಾದರೆ ನನ್ನ ಹಾಗೆ ಕಾಯಬೇಡ.

ಒಳ್ಳೆ ಮಾರ್ಕ್ಸ್ ಬಂದರೆ ಅಪ್ಪ ಮಾತಾಡ್ತಾರೆ ಅಂತ ಆಗ ದೇವರ ಮುಂದೆ ಬೇಡಿಕೊಳ್ಳುತ್ತಿದ್ದೆಯಂತೆ. ಅಜ್ಜಿ ಮೊನ್ನೆ ಹೇಳಿದರು. ನಿನ್ನಿಂದ ಏನೂ ಆಗಿರಲಿಲ್ಲ ಕಂದಾ. ಕಾಯಿಲೆ ನನ್ನದು. ಈ ಮಾತು ನಿನಗೆ ಆಗಲೇ ಹೇಳಬೇಕಿತ್ತು.

14416ಕ್ಕೆ ಫೋನ್ ಮಾಡು. ಟೆಲಿ ಮನಸ್ ಅಂತ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನನಗೂ ಮಾಡು, ಎಷ್ಟೊತ್ತಾದರೂ ಪರವಾಗಿಲ್ಲ. ಶನಿವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತಿದ್ದೇನೆ. ಡಾಕ್ಟರ ಹತ್ತಿರ ಹೋಗೋಣ. ಒಳಗೆ ಬಾ ಅಂದರೆ ಬರುತ್ತೇನೆ. ಹೊರಗೆ ಕೂತಿರು ಅಂದರೆ ಬೆಂಚಿನ ಮೇಲೆ ಕೂತಿರುತ್ತೇನೆ.

ನಿನ್ನ
ಅಪ್ಪ