ಮಕ್ಕಳ ಕಡತಗಳನ್ನು ಹೈಕೋರ್ಟ್ ತಾನಾಗಿಯೇ ತರಿಸಿಕೊಂಡು ನೋಡಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲುಜರ್ನ್ ಕೌಂಟಿಯ ಮಾಜಿ ನ್ಯಾಯಾಧೀಶ ಮೈಕೆಲ್ ಕೊನಹನ್ ಅವರ ಶಿಕ್ಷೆಯನ್ನು ಅಧ್ಯಕ್ಷ ಬೈಡನ್ 2024ರ ಡಿಸೆಂಬರ್‌ನಲ್ಲಿ ಮೊಟಕುಗೊಳಿಸಿದಾಗ ಅಲ್ಲಿನ ಹಳೆಯ ಹಗರಣ ಮತ್ತೆ ಸುದ್ದಿಯಾಯಿತು. ಮಕ್ಕಳನ್ನು ಇಡುವ ಖಾಸಗಿ ಬಂಧನ ಕೇಂದ್ರಗಳನ್ನು ಕಟ್ಟಿದವರಿಂದ ಮತ್ತು ನಡೆಸಿದವರಿಂದ ಆತ ಹಾಗೂ ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿದ್ದ ಮಾರ್ಕ್ ಸಿಯಾವರೆಲ್ಲಾ ಎಂಬ ಇನ್ನೊಬ್ಬ ನ್ಯಾಯಾಧೀಶ ಸೇರಿ ಪಡೆದ 28 ಲಕ್ಷ ಡಾಲರ್‌ಗಳ ಬಗ್ಗೆ ಎಲ್ಲರೂ ಬರೆದರು. ಆದರೆ ಮಕ್ಕಳ ಹಕ್ಕುಗಳು ತೆರೆದ ನ್ಯಾಯಾಲಯದಲ್ಲೇ ಐದು ವರ್ಷ ಉಲ್ಲಂಘನೆಯಾಗುತ್ತಿದ್ದರೂ ಮೇಲಿನ ಕೋರ್ಟಿಗೆ ಅದು ಕಾಣಲಿಲ್ಲವೇಕೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ವಕೀಲರ ನೆರವು ಮಕ್ಕಳ ಹಕ್ಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲೇ ಗಾಲ್ಟ್ ಪ್ರಕರಣದಲ್ಲಿ ಹೇಳಿಯಾಗಿತ್ತು. ಹೀಗಿದ್ದೂ ಲುಜರ್ನ್‌ನಲ್ಲಿ ವಿಚಾರಣೆಗೆ ಮುನ್ನ ಹೆತ್ತವರ ಕೈಗೆ ವಕೀಲರು ಬೇಡವೆಂಬ ನಮೂನೆ ಕೊಟ್ಟು ಸಹಿ ಹಾಕಿಸಲಾಗುತ್ತಿತ್ತು. ಮೈಸ್ಪೇಸ್ ಜಾಲತಾಣದಲ್ಲಿ ಶಾಲೆಯ ಉಪಪ್ರಾಂಶುಪಾಲರನ್ನು ಅಣಕಿಸಿದ್ದ ಬಾಲಕಿಯೊಬ್ಬಳಿಗೆ 2007ರಲ್ಲಿ ಮೂರು ತಿಂಗಳ ಬಂಧನ ವಿಧಿಸಲು ಸಿಯಾವರೆಲ್ಲಾಗೆ ಹಿಡಿದದ್ದು ಒಂದೆರಡು ನಿಮಿಷ. ವಕೀಲರು ಇರಲಿಲ್ಲ, ತಾಯಿಯ ಸಹಿ ಇತ್ತು. ಕಾಗದದಲ್ಲಿ ಎಲ್ಲವೂ ಕ್ರಮಬದ್ಧ.

ಮಕ್ಕಳ ಪರ ಕಾನೂನು ಹೋರಾಟ ನಡೆಸುವ ಫಿಲಡೆಲ್ಫಿಯಾದ ಜುವೆನೈಲ್ ಲಾ ಸೆಂಟರ್ ಎಂಬ ಸಂಸ್ಥೆ 2008ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಮೊರೆ ಹೋದಾಗ, ಕೋರ್ಟ್ 2009ರ ಜನವರಿಯಲ್ಲಿ ಕಾರಣವನ್ನೂ ಕೊಡದೆ ಅರ್ಜಿಯನ್ನು ತಳ್ಳಿಹಾಕಿತು. ಅದೇ ತಿಂಗಳು ಇಬ್ಬರು ನ್ಯಾಯಾಧೀಶರ ಮೇಲೆ ಫೆಡರಲ್ ಆರೋಪಗಳು ಬಂದ ಮೇಲಷ್ಟೇ ಅದು ತನ್ನ ಆದೇಶ ಹಿಂಪಡೆದು, ಹಿರಿಯ ನ್ಯಾಯಾಧೀಶ ಆರ್ಥರ್ ಗ್ರಿಮ್ ಅವರಿಗೆ ಕಡತಗಳ ಮರುಪರಿಶೀಲನೆಯನ್ನು ವಹಿಸಿತು. ಗ್ರಿಮ್ ಕೆಲಸ ಅಚ್ಚುಕಟ್ಟಾಗಿತ್ತು. ಅವರ ಶಿಫಾರಸಿನ ಮೇಲೆ ಅಕ್ಟೋಬರ್‌ನಲ್ಲಿ ಕೋರ್ಟ್, 2003ರಿಂದ 2008ರ ಮೇವರೆಗೆ ಸಿಯಾವರೆಲ್ಲಾ ಮಕ್ಕಳ ವಿರುದ್ಧ ನೀಡಿದ್ದ ತೀರ್ಮಾನಗಳನ್ನು, ವಕೀಲರಿದ್ದ ಪ್ರಕರಣಗಳನ್ನೂ ಬಿಡದೆ, ರದ್ದುಪಡಿಸಿತು. ತೀರ್ಪುಗಾರನೇ ನಿಷ್ಪಕ್ಷಪಾತಿಯಲ್ಲದಿದ್ದಾಗ ಒಂದೊಂದೇ ಕಡತವನ್ನು ಅಳೆದು ತೂಗುವುದರಲ್ಲಿ ಅರ್ಥವಿರಲಿಲ್ಲ. ಆ ಹೊತ್ತಿಗೆ ಬಹುಪಾಲು ಮಕ್ಕಳು ಬಂಧನ ಮುಗಿಸಿ ಹೊರಬಂದಿದ್ದರು.

ನಮ್ಮಲ್ಲಿ ಇಂಥ ಲಂಚಗುಳಿತನ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ 2015ರ ಬಾಲನ್ಯಾಯ ಕಾಯ್ದೆಯ 16ನೇ ಕಲಂ ಪ್ರಕಾರ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರು ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕಾದದ್ದು, ಅಪರಾಧದ ಆರೋಪ ಹೊತ್ತ ಮಕ್ಕಳ ವಿಚಾರಣೆ ನಡೆಸುವ ಬಾಲನ್ಯಾಯ ಮಂಡಳಿಯಲ್ಲಿ ಬಾಕಿ ಇರುವ ಪ್ರಕರಣಗಳನ್ನು. ಎಷ್ಟು ಬಾಕಿ, ಏಕೆ ತಡ ಎಂಬುದು ಅದರಿಂದ ತಿಳಿಯುತ್ತದೆ. ಬೇಗ ಮುಗಿದ ಪ್ರಕರಣದಲ್ಲಿ ಮಗುವಿಗೆ ನ್ಯಾಯ ಸಿಕ್ಕಿತೇ ಎಂಬುದು ತಿಳಿಯುವುದಿಲ್ಲ. ಬಾಕಿ ಲೆಕ್ಕವನ್ನಷ್ಟೇ ನೋಡುವ ಪರಿಶೀಲನೆಯಲ್ಲಿ ಸಿಯಾವರೆಲ್ಲಾ ಒಳ್ಳೆಯ ಅಂಕ ಪಡೆಯುತ್ತಿದ್ದರೇನೋ.

ಮೇಲ್ಮನವಿಗೆ ಅವಕಾಶವಿದೆ ಎನ್ನಬಹುದು. ಕೂಲಿ ಬಿಟ್ಟು ಮಂಡಳಿಗೆ ಅಲೆಯುವ ತಂದೆತಾಯಿ ಮಗ ಮನೆಗೆ ಬಂದರೆ ಸಾಕೆಂದು ಸುಮ್ಮನಾಗುತ್ತಾರೆಯೇ ಹೊರತು ಮೇಲಿನ ಕೋರ್ಟಿನ ಮೆಟ್ಟಿಲು ಹತ್ತುವವರು ವಿರಳ. ಅದಕ್ಕೇ ಕಾಯ್ದೆಯ 102ನೇ ಕಲಂ, ಯಾರ ಅರ್ಜಿಗೂ ಕಾಯದೆ ದಾಖಲೆ ತರಿಸಿಕೊಂಡು ನೋಡುವ ಅಧಿಕಾರವನ್ನು ಹೈಕೋರ್ಟಿಗೆ ಕೊಟ್ಟಿದೆ. ಪ್ರತಿ ಜಿಲ್ಲೆಯಿಂದ ವರ್ಷಕ್ಕೊಮ್ಮೆ ಕೆಲವು ಮುಗಿದ ಕಡತಗಳನ್ನು ತರಿಸಿ, ಮೊದಲ ದಿನವೇ ವಕೀಲರಿದ್ದರೇ, ಜಾಮೀನು ನಿರಾಕರಣೆಗೆ 12ನೇ ಕಲಂ ಕೇಳುವ ಕಾರಣ ಬರೆಯಲಾಗಿದೆಯೇ ಅಥವಾ ಕಲಂನ ಪದಗಳನ್ನೇ ನಕಲು ಮಾಡಲಾಗಿದೆಯೇ ಎಂದು ನೋಡಲು ಹೊಸ ಕಾನೂನು ಬೇಕಿಲ್ಲ. ನಮ್ಮ ಹೈಕೋರ್ಟ್ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ಒಬ್ಬ ವಕೀಲ, ದಾವಣಗೆರೆ